ತಟ್ಟಿಯಾಚೆಯ ಮುತ್ಯಾಲು

೧೯೩೬ ಜೂನ್ ೨೨, ಸೋಮವಾರ

ಟೀಚರ್ ಕೆಲಸಕ್ಕೆ ಸೇರಿ ವಾರವಾಯಿತು. ಗಾಡಿ ಇವತ್ತೂ ತಡ. ಹೆಂಗಸರ ಡಬ್ಬಿಯಲ್ಲಿ ಬೂದಿಕೋಟೆ ಕಡೆಯ ತರಕಾರಿಯವರು, ಅವರ ಬುಟ್ಟಿಗಳು, ಬುಟ್ಟಿಗಳ ನಡುವೆ ನಾನು. ಅಣ್ಣ ಬಂಗಾರಪೇಟೆ ಸ್ಟೇಷನ್ನಿನ ಗೂಡ್ಸ್ ಆಫೀಸು ಕಿಟಕಿಯಿಂದ ಒಮ್ಮೆ ತಲೆ ಎತ್ತಿ ನೋಡಿದ. ದಿನವೂ ಅಷ್ಟೇ. ನಾನು ಹತ್ತಿದೆನೆಂದು ಖಾತ್ರಿಯಾದರೆ ತಲೆ ಮತ್ತೆ ಕೆಳಗೆ.

ಸ್ಕೂಲು ಸೇರುವಾಗ ಪ್ರಾರ್ಥನೆ ಮುಗಿದಿತ್ತು. ಹೆಡ್ಮಾಸ್ಟರು ಕೋದಂಡಪ್ಪನವರು ಗೋಡೆ ಗಡಿಯಾರ ನೋಡಿದರು. ಬೈದಿದ್ದರೆ ವಾಸಿಯಿತ್ತು.

ಒಂದೇ ಉದ್ದನೆಯ ತಗಡಿನ ಶೆಡ್ಡು ನಮ್ಮದು. ನಡುವೆ ಬಿದಿರಿನ ತಟ್ಟಿ. ಆ ಕಡೆ ಅವರ ಗಂಡುಹುಡುಗರು, ಈ ಕಡೆ ನನ್ನ ಹೆಣ್ಣುಮಕ್ಕಳು, ನಾಲ್ಕೂ ಕ್ಲಾಸು ಒಟ್ಟಿಗೆ. ಹಿಂದೆ ಚಿನ್ನದ ಗಣಿಯ ಪುಡಿಮಣ್ಣು ಸುರಿದ ಸೈನೈಡ್ ದಿಬ್ಬ. ಗಾಳಿ ಎದ್ದರೆ ಎರಡೂ ಕಡೆಯವರ ತಲೆ ಒಂದೇ ಥರ ಬೆಳ್ಳಗೆ.

ನಾಲ್ಕನೇ ಕ್ಲಾಸಿನಲ್ಲಿ ಒಂದು ಮಗು. ಮುತ್ಯಾಲಮ್ಮ ಅಂತ ಹೆಸರು, ಎಲ್ಲರೂ ಮುತ್ಯಾಲು ಅನ್ನುತ್ತಾರೆ. ಸೊಂಟದವರೆಗೆ ಜಡೆ, ಮೂಗುಬೊಟ್ಟು, ತೇಪೆ ಹಾಕಿದ ಲಂಗ. ಇವಳಿಗೂ ಪಕ್ಕದ ಗಂಗರತ್ನಳಿಗೂ ಸೇರಿ ಒಂದೇ ಪುಸ್ತಕ. ಗಂಗರತ್ನ ಹಾಳೆ ತಿರುವುತ್ತಾಳೆ, ಮುತ್ಯಾಲು ಓದುತ್ತಾಳೆ. ಇವತ್ತು ಇರುವೆಯ ಪಾಠ. "ಮಳೆ ನಿಂತಿತು" ಎಂದು ಓದಿ ಸುಮ್ಮನಾದಳು. ತಗಡಿನ ಕಡೆ ತಲೆ ಎತ್ತಿದಳು, ನಿಜವಾಗಿ ನಿಂತಿತೇ ಎಂದು ಕೇಳಿಸಿಕೊಳ್ಳುವ ಹಾಗೆ. ಆಮೇಲೆ — "ಇರುವೆಯು ತನ್ನ ಮನೆಯನ್ನು ಹುಡುಕಿತು." ಹೊರಗೆ ಸುಡುಬಿಸಿಲು. ಆದರೂ ಇಡೀ ಕ್ಲಾಸು ತಲೆ ಎತ್ತಿ ತಗಡು ನೋಡಿತು. ನಾನೂ.

ಬಿ.ಎ. ಕ್ಲಾಸಿನಲ್ಲಿ ಕೂತು ಎಷ್ಟೋ ಜನ ಓದುವುದನ್ನು ಕೇಳಿದ್ದೇನೆ. ಎಲ್ಲಿ ನಿಲ್ಲಿಸಬೇಕೆಂದು ಹೀಗೆ ಗೊತ್ತಿದ್ದವರು ಒಬ್ಬರೂ ಇರಲಿಲ್ಲ.

ಜೂನ್ ೩೦

ಮುತ್ಯಾಲು ಹುಡುಗ.

ಅವರಮ್ಮ ಅಶ್ವತ್ಥಮ್ಮ ಬಂದಿದ್ದರು, ಮಗುವಿಗೆ ಜ್ವರ ಬಿಟ್ಟಿದೆ ಎಂದು ಹೇಳಲು. ನಾನಾಗಿ ನಾನು ಯಾರನ್ನೂ ಮಾತಾಡಿಸುವವಳಲ್ಲ. ಇವತ್ತು ಧೈರ್ಯ ಮಾಡಿ, ಇವಳು ದೊಡ್ಡವಳಾದಳು ಎಂದು ಸ್ಕೂಲು ಬಿಡಿಸಬೇಡಿ, ಬಹಳ ಚೆನ್ನಾಗಿ ಓದುತ್ತಾಳೆ ಎಂದೆ. ಹಿಂದಿನಿಂದ ಇಡೀ ಕ್ಲಾಸು ನಗಾಡಿತು. ಗಂಗರತ್ನಳಂತೂ ಸ್ಲೇಟಿನಲ್ಲಿ ಮುಖ ಮುಚ್ಚಿಕೊಂಡಳು. ಅಶ್ವತ್ಥಮ್ಮ ಮಾತ್ರ ನಗಲಿಲ್ಲ. ನನ್ನನ್ನು ಹೊರಗೆ ಬೇವಿನ ಮರದ ಹತ್ತಿರ ಕರೆದುಕೊಂಡು ಹೋಗಿ, ದನಿ ತಗ್ಗಿಸಿ ಹೇಳಿದರು.

ಇವನಿಗಿಂತ ಮುಂಚೆ ಮೂರು ಗಂಡು. ಒಂದೂ ಹಾಲು ಬಿಡುವ ತನಕ ಉಳಿಯಲಿಲ್ಲ. ನಾಲ್ಕನೆಯವನು ಹುಟ್ಟಿದ ದಿನವೇ ಮೊರದಲ್ಲಿ ಮಲಗಿಸಿ ಕ್ಯಾಸಂಬಳ್ಳಿಯ ಗ್ರಾಮದೇವತೆ ಮುತ್ಯಾಲಮ್ಮನಿಗೆ ಹರಕೆ ಹೊತ್ತರಂತೆ. ಅಮ್ಮನ ಹೆಸರು, ಮೂಗಿಗೆ ಬೊಟ್ಟು, ಲಂಗ. ಹನ್ನೆರಡು ತುಂಬಿದ ಮೇಲೆ ಕೂದಲು ಅಮ್ಮನಿಗೆ. ಅಲ್ಲಿಯ ತನಕ ಹೆಣ್ಣು.

"ಗಂಡು ಅಂತ ಗೊತ್ತಾದ್ರೆ ಅವ್ನು ಬಂದು ಎತ್ಕಂಡ್ ಓಗ್ತಾನೆ ಪಂತುಲಮ್ಮ" ಎಂದರು. ಇಲ್ಲಿ ಟೀಚರನ್ನು ಪಂತುಲಮ್ಮ ಅನ್ನುತ್ತಾರೆ.

ಸ್ಕೂಲಿಗೆಲ್ಲ ಗೊತ್ತು. ಊರಿಗೆಲ್ಲ ಗೊತ್ತು. ಗೊತ್ತಿರದವರು ಇಬ್ಬರೇ, ಯಮ ಮತ್ತು ನಾನು.

ಜುಲೈ ೧೪

ಹನ್ನೊಂದರ ಹೊತ್ತಿಗೆ ಕೆಳಗೆ ಗಣಿಯಲ್ಲಿ ಬರ್ಸ್ಟ್ ಆಯಿತು, ಬಂಡೆ ಸಿಡಿಯುವುದಕ್ಕೆ ಇಲ್ಲಿ ಹಾಗನ್ನುತ್ತಾರೆ. ನೆಲ ಒಮ್ಮೆ ಮೈ ಕೊಡವಿದ ಹಾಗೆ. ಸ್ಲೇಟುಗಳು ಕಟಕಟ ಅಂದವು. ಮಕ್ಕಳು ಬರೆಯುವುದನ್ನು ನಿಲ್ಲಿಸಿ ಕಿವಿಗೊಟ್ಟರು. ಗಣಿಗೆ ಇಳಿಯುವ ಶಾಫ್ಟಿನ ಕಡೆಯಿಂದ ಅಪಘಾತದ ಸೈರನ್ ಬರಲಿಲ್ಲ. ಮತ್ತೆ ಬರೆದರು. ಮುತ್ಯಾಲುವಿನ ಅಪ್ಪ ಕದಿರಪ್ಪ ಕೆಳಗೆ ಸುರಂಗಕ್ಕೆ ಮರದ ಆಸರೆ ಕೊಡುವ ಕೆಲಸದಲ್ಲಿದ್ದಾನೆ, ಗಂಗರತ್ನಳ ಅಪ್ಪನೂ. ಮಕ್ಕಳಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು, ಅಷ್ಟೇ.

ತಟ್ಟಿಯ ಆ ಕಡೆ ಪ್ರಶ್ನೆ, ಉತ್ತರ, ಆಮೇಲೆ ಪಟ್ ಪಟ್ ಎಂದು ಸದ್ದು. ಸರಿ ಹೇಳಿದವನಿಗೆ ಚಪ್ಪಾಳೆ ಹೊಡೆಸುತ್ತಾರೆ ಎಂದು ಕಾಣುತ್ತದೆ. ಒಳ್ಳೆಯ ಪದ್ಧತಿ. ನಾನೂ ಇವತ್ತಿನಿಂದ ಶುರುಮಾಡಿದೆ. ಮುತ್ಯಾಲು ಓದಿ ಕೂತಾಗ ಎಲ್ಲರೂ ತಟ್ಟಿದರು. ನಾಚಿ ಜಡೆಯ ತುದಿ ಬಾಯಿಗೆ ಇಟ್ಟುಕೊಂಡ. ಇನ್ನೂ 'ಅವನು' ಎಂದು ಬರೆಯಲು ಕೈ ತಡೆಯುತ್ತದೆ.

ಸೆಪ್ಟೆಂಬರ್ ೯

ಅಣ್ಣನಿಗೆ ಮೈಸೂರಿನಿಂದ ಯಾರೋ ನನಗೊಂದು ವರನ ವಿಷಯ ಹೇಳಿ ಕಳಿಸಿದ್ದಾರೆ. ಹುಡುಗಿ ತುಂಬಾ ಓದಿದವಳು ಎಂದು ಹೆದರಿಕೆಯಂತೆ ಅವರಿಗೆ. ಅಣ್ಣ ನಗುತ್ತಾ ಹೇಳಿದ. ಅವನೇ ಇಂಟರ್‌ಮೀಡಿಯಟ್ ಎರಡು ಸಲ ಫೇಲಾದವನು. ಅಪ್ಪ ಅವನನ್ನು ದಿನವೂ ಬೆತ್ತ ಇಟ್ಟುಕೊಂಡೇ ಓದಿಸುತ್ತಿದ್ದರು. ನಾನು ಮೂಲೆಯಲ್ಲಿ ನನ್ನ ಪಾಡಿಗೆ ಓದಿಕೊಂಡಿರುತ್ತಿದ್ದೆ. ನನ್ನ ಕಡೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ನಾನು ಪಾಸಾದರೂ ಒಂದೇ, ಬಿಟ್ಟರೂ ಒಂದೇ. ಹಾಗಾಗಿ ಪಾಸಾದೆ.

ಅಕ್ಟೋಬರ್ ೧೨

ಕೋದಂಡಪ್ಪನವರು ಬಿಡುವಿನಲ್ಲಿ ಕರೆದು ಕೂರಿಸಿ ಮಾತಾಡಿದರು. ಅವರ ಮುಂದೆ ನನಗೆ ನಾಲಿಗೆ ಏಳುವುದಿಲ್ಲ. ಕೇಳುತ್ತಾ ಕೂತೆ.

ರಾಬರ್ಟ್‌ಸನ್‌ಪೇಟೆಯ ಮಿಡ್ಲ್ ಸ್ಕೂಲಿನಲ್ಲಿ ನಮ್ಮ ಶಾಲೆಯ ಒಬ್ಬ ಹುಡುಗನಿಗೆ ಫ್ರೀ ಸೀಟು. ಮಾರ್ಚಿಯಲ್ಲಿ ಇನ್‌ಸ್ಪೆಕ್ಟರು ಬರುತ್ತಾರೆ. ಕ್ಲಾಸಿನಲ್ಲಿ ಚೆನ್ನಾಗಿ ಹೇಳುವ ಮೂವರನ್ನು ಕೋದಂಡಪ್ಪನವರು ಮುಂದೆ ನಿಲ್ಲಿಸುತ್ತಾರೆ, ಇನ್‌ಸ್ಪೆಕ್ಟರು ಅವರಲ್ಲಿ ಒಬ್ಬನನ್ನು ಆರಿಸುತ್ತಾರೆ. "ಕದಿರಪ್ಪನ ಮಗ ಆಗಬಹುದಮ್ಮ. ಆದರೆ ಲಂಗ ಹಾಕಿಕೊಂಡ ಹುಡುಗನನ್ನು ಅವರು ಸೇರಿಸೋದಿಲ್ಲ. ಕೂದಲು ತೆಗೆಸಲಿ, ನನ್ನ ಕಡೆ ಬಂದು ಕೂರಲಿ. ಈಗಿನಿಂದಲೇ ಗಂಡುಹುಡುಗರ ಜೊತೆ ರೂಢಿಯಾಗಬೇಕು." ಸೀಟು ಸಿಗದಿದ್ದರೆ ಕದಿರಪ್ಪ ಮಗನನ್ನು ಬೇಸಿಗೆಗೆ ಗಣಿಯಲ್ಲಿ ಅದಿರಿನ ಕಲ್ಲು ಆರಿಸುವ ಕೆಲಸಕ್ಕೆ ಹಾಕುತ್ತಾನಂತೆ. ಆಗಲೇ ಮೇಸ್ತ್ರಿಯ ಹತ್ತಿರ ಮಾತಾಡಿದ್ದಾನೆ.

ಗಂಗರತ್ನಳಿಗೆ ಎಲ್ಲಿ ಸೀಟು ಎಂದು ಕೇಳಿದೆ. ಅವರಿಗೆ ಪ್ರಶ್ನೆ ಅರ್ಥವಾಗಲಿಲ್ಲ.

ಹರಕೆ ಮುಗಿಯಲು ಇನ್ನೂ ಒಂದು ವರ್ಷ ಇದೆ. ಅಶ್ವತ್ಥಮ್ಮನಿಗೆ ಹೇಳಿ ಒಪ್ಪಿಸುವುದು ನನ್ನ ಪಾಲಿಗೆ. ಹೆಂಗಸರ ಮಾತು ಹೆಂಗಸರಿಗೆ ಅಂದರು.

ಅಕ್ಟೋಬರ್ ೧೭

ಮೈನರ್ಸ್ ಲೈನಿನಲ್ಲಿ, ಗಣಿ ಕೆಲಸದವರ ಸಾಲುಮನೆಗಳಲ್ಲಿ, ಅವರ ಮನೆ. ಬಿದಿರು ಮತ್ತು ತಗಡು. ಒಳಗೆ ನಿಂತರೆ ತಲೆ ತಾಗುತ್ತದೆ. ಮುತ್ಯಾಲು ಹೊರಗೆ ಗಂಗರತ್ನಳ ಜೊತೆ ಅಚ್ಚುಕಲ್ಲು ಆಡುತ್ತಿದ್ದ.

ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದ ಮಾತು ಎಲ್ಲಾ ಹೇಳಿದೆ. ಮಿಡ್ಲ್ ಸ್ಕೂಲು, ಆಮೇಲೆ ಹೈಸ್ಕೂಲು, ಕಚೇರಿ ಕೆಲಸ. ನೆಲದ ಕೆಳಗೆ ಇಳಿಯಬೇಕಾಗಿಲ್ಲ. ಅಶ್ವತ್ಥಮ್ಮ ಅಷ್ಟನ್ನೂ ಕೇಳಿದರು. ಕೊನೆಗೆ ಒಂದೇ ಮಾತು.

"ಲಂಗ ಇದ್ರೆ ಮೇಲಿರೋನ ಕಣ್ಣಿಂದ ತಪ್ಪುಸ್ಕಂತಾನೆ. ಲಂಗ ಬಿಚ್ಚಿದ್ರೆ ಯಾರು ನೋಡ್ಕಂತಾರೆ ಪಂತುಲಮ್ಮ? ನೀವು ನೋಡ್ಕಂತೀರಾ?"

ನೋಡಿಕೊಳ್ಳುತ್ತೇನೆ ಅಂದೆ.

ನನ್ನ ಜನ್ಮದಲ್ಲಿ ಇಷ್ಟು ಗಟ್ಟಿಯಾಗಿ ಏನನ್ನೂ ಹೇಳಿದವಳಲ್ಲ.

ನವೆಂಬರ್ ೧೫, ಭಾನುವಾರ

ಒಂದು ವರ್ಷ ಮುಂಚೆಯೇ ಹರಕೆ ತೀರಿಸಲು ಅಶ್ವತ್ಥಮ್ಮ ಒಪ್ಪಿದರು, ಅವರ ಜೊತೆ ಕ್ಯಾಸಂಬಳ್ಳಿಗೆ ಹೋಗಿದ್ದೆ. ಹುಣಸೆಮರದ ಕೆಳಗೆ ಅಮ್ಮನ ಗುಡಿ, ಆಳೆತ್ತರವೂ ಇಲ್ಲ. ನಾವಿದನು ಜಡೆಯನ್ನು ಬಿಚ್ಚದೆ ಹಾಗೇ ಕತ್ತರಿಸಿ, ತಲೆ ಬೋಳಿಸಿದ. ಅಶ್ವತ್ಥಮ್ಮ ಸೆರಗು ಒಡ್ಡಿ ಹಿಡಿದುಕೊಂಡರು. ಒಂದು ಕೂದಲೂ ನೆಲಕ್ಕೆ ಬೀಳಬಾರದಂತೆ. ಬೊಟ್ಟು ತೆಗೆಯುವಾಗ ಮಾತ್ರ ಮುತ್ಯಾಲು ಹ್ಞಾಂ ಅಂದ. ಬೊಟ್ಟು ಹೋಯಿತು, ತೂತು ಉಳಿಯಿತು.

ಹೊಸ ಚಡ್ಡಿ, ಹೊಸ ಹೆಸರು, ಮುತ್ಯಾಲಪ್ಪ. ಕದಿರಪ್ಪ ಮಗನನ್ನು ಹೆಗಲ ಮೇಲೆ ಹೊತ್ತುಕೊಂಡು ಗುಡಿ ಸುತ್ತಿದ. ಬೋಳು ತಲೆ ಬಿಸಿಲಿಗೆ ಮಿಂಚುತ್ತಿತ್ತು. ಮುತ್ಯಾಲು ಎರಡು ಸಲ ಬೆನ್ನ ಹಿಂದೆ ಕೈ ಹಾಕಿ ಜಡೆ ಹುಡುಕಿದ.

ನವೆಂಬರ್ ೨೩

ಇವತ್ತಿನಿಂದ ತಟ್ಟಿಯ ಆ ಕಡೆ.

ಹೋಗುವ ಮುಂಚೆ ನಮ್ಮ ಬಾಗಿಲಲ್ಲಿ ನಿಂತ. ಗಂಗರತ್ನ ಪುಸ್ತಕ ಎದೆಗೆ ಅವಚಿಕೊಂಡು ಕೂತಿದ್ದಳು. ಅದು ಅವಳ ಅಪ್ಪ ಕೊಡಿಸಿದ ಪುಸ್ತಕ. ಒಂದು ಗಳಿಗೆ ಹಾಗೇ ಇದ್ದು, ಎದ್ದು ಹೋಗಿ ಕೊಟ್ಟುಬಿಟ್ಟಳು. ಈಸಿಕೊಂಡ. 

ಆ ಕಡೆಯಿಂದ ನಗು, ಸಿಳ್ಳು. ಯಾವನೋ ಹೆಣ್ಣುದನಿ ಮಾಡಿ "ಮುತ್ಯಾಲಮ್ಮಾ" ಎಂದು ಕರೆದ. ಕೋದಂಡಪ್ಪನವರು ಮೇಜು ಕುಟ್ಟಿದರು. ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದ ವಾಕ್ಯ ಎರಡು ಸಲ ತಪ್ಪಿತು.

ಡಿಸೆಂಬರ್ ೧೧

ಹತ್ತು ದಿನದಿಂದ ಮುತ್ಯಾಲುವಿನ ದನಿ ಕೇಳಿಸುವುದಿಲ್ಲ.

ದಿನವೂ ಕಿವಿಗೊಟ್ಟಿರುತ್ತೇನೆ. ಪ್ರಶ್ನೆ ಬರುತ್ತದೆ, ಹೆಸರು ಬರುತ್ತದೆ, ಆಮೇಲೆ ಏನೂ ಇಲ್ಲ. ಬೇರೆ ಯಾವನೋ ಉತ್ತರ ಹೇಳುತ್ತಾನೆ. ಚಪ್ಪಾಳೆ. ಕೋದಂಡಪ್ಪನವರು ನನ್ನ ಹತ್ತಿರ ಬಂದು ಬೇಸರದಿಂದಲೇ ಹೇಳಿದರು: ನಿಮ್ಮ ಕಡೆ ಏನೋ ಮುದ್ದಿನಿಂದ ನಡೆದುಹೋಗಿದೆ ಅಮ್ಮ, ಕಲಿತದ್ದೆಲ್ಲ ಒಂದು ವಾರಕ್ಕೇ ಮುಗಿಯಿತು, ಹುಡುಗ ದಡ್ಡ.

ದಡ್ಡ!

ಡಿಸೆಂಬರ್ ೧೬

ಸ್ಕೂಲು ಬಿಟ್ಟ ಮೇಲೆ ನಲ್ಲಿಯ ಹತ್ತಿರ ಕಂಡದ್ದು. ಮುತ್ಯಾಲು ಬಗ್ಗಿ ಕೂತಿದ್ದಾನೆ. ಬೊಟ್ಟಿನ ತೂತಿನಿಂದ ರಕ್ತ. ಕುಪ್ಪುಸ್ವಾಮಿ ಬೊಗಸೆಯಲ್ಲಿ ನೀರು ಹಿಡಿದು ಅವನ ಮೂಗು ತೊಳೆಯುತ್ತಿದ್ದಾನೆ. ನಾಲ್ಕನೇ ಕ್ಲಾಸಿನಲ್ಲಿ ಎಲ್ಲರಿಗಿಂತ ದೊಡ್ಡವನು ಈ ಕುಪ್ಪುಸ್ವಾಮಿ, ಹದಿನಾಲ್ಕು ವರ್ಷ, ಆಗಲೇ ಮೀಸೆಯ ಚಿಗುರು. ಯಾರು ಹೊಡೆದದ್ದು ಎಂದೆ. ಕುಪ್ಪುಸ್ವಾಮಿ ನಾನೇ ಅಂದ, ತೊಳೆಯುವುದನ್ನು ನಿಲ್ಲಿಸದೆ.

ಯಾಕೆ ಎಂದರೆ ಅವನು ಹೇಳಿದ್ದನ್ನು ಬರೆದಿಡುತ್ತೇನೆ.

ಆ ಕಡೆ ಚಪ್ಪಾಳೆ ಇಲ್ಲವೇ ಇಲ್ಲ. ಪ್ರಶ್ನೆಗೆ ಗೊತ್ತಿಲ್ಲ ಎಂದವರು ಸಾಲಾಗಿ ನಿಲ್ಲಬೇಕು. ಉತ್ತರ ಹೇಳಿದವನು ಒಬ್ಬೊಬ್ಬರ ಮೂಗನ್ನೂ ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಕೆನ್ನೆಗೆ ಹೊಡೆಯಬೇಕು. ಮೊದಲ ವಾರ ಮುತ್ಯಾಲು ಎಲ್ಲಾ ಉತ್ತರ ಹೇಳಿದ. ಹೊಡೆಯಲು ಹೇಳಿದಾಗ ಕೆನ್ನೆ ಸವರಿದ ಹಾಗೆ ಹೊಡೆದ. ಹೊಡೆಯುವುದು ಹೀಗಲ್ಲ ಎಂದು ಕೋದಂಡಪ್ಪನವರು ತಾವೇ ಹೊಡೆದು ತೋರಿಸಿದರಂತೆ, ಸಾಲಿನ ಎಲ್ಲರ ಮೇಲೂ.

"ಇವ ಮೆತ್ತಗೆ ಹೊಡೆದ್ರೆ ಸಾರ್ ಸೇರಿಸಿ ಹೊಡೀತಾರೆ ಟೀಚರ್. ಜೋರಾ ಹೊಡಿಡಾ ಅಂತ ನಾನೇ ಹೇಳಿದ್ದೀನಿ. ಕೇಳಲ್ಲ. ಅದಕ್ಕೇ ನಾವು ಇವನ್ನ ಹೊಡೆದ್ವಿ." ಆಮೇಲಿನಿಂದ ಇವನು ಬಾಯೇ ಬಿಡುತ್ತಿಲ್ಲ, ನಮ್ಮ ಜೊತೆ ಸಾಲಲ್ಲಿ ನಿಲ್ಲುತ್ತಾನೆ ಎಂದ. ಇವತ್ತು ಹೊಡೆದದ್ದು ಯಾಕೆ ಎಂದೆ. ಕುಪ್ಪುಸ್ವಾಮಿ ಭುಜ ಕುಣಿಸಿದ. ಅವನಿಗೇ ಗೊತ್ತಿರಲಿಲ್ಲ.

ಐದು ತಿಂಗಳಿಂದ ನನ್ನ ಹೆಣ್ಣುಮಕ್ಕಳ ಕೈಲಿ ಚಪ್ಪಾಳೆ ತಟ್ಟಿಸುತ್ತಿದ್ದೇನೆ.

ಡಿಸೆಂಬರ್ ೧೭

ಮುತ್ಯಾಲುವನ್ನು ಬೇವಿನ ಮರದ ಹತ್ತಿರ ಕರೆದು ಪಾಠದ ಪ್ರಶ್ನೆಗಳನ್ನು ಕೇಳಿದೆ. ಎಲ್ಲದಕ್ಕೂ ಉತ್ತರ, ತಡವರಿಸದೆ. ಮತ್ತೆ ಯಾಕೆ ಅಲ್ಲಿ ಹೇಳುವುದಿಲ್ಲ?

ಕಾಲ ಹೆಬ್ಬೆರಳಿನಿಂದ ಮಣ್ಣು ಕೆದಕಿದ.

"ಗೊತ್ತು ಅಂದ್ರೆ ಒಡೀಬೇಕಲ್ಲ ಪಂತುಲಮ್ಮ."

  ಮನೆಗೆ ಹೋಗು ಅಂದೆ.

ಡಿಸೆಂಬರ್ ೨೦, ಭಾನುವಾರ

ಊಟದ ಹೊತ್ತಿನಲ್ಲಿ ಅಣ್ಣನನ್ನು ಕೇಳಿದೆ, ನಿಮ್ಮ ಸ್ಕೂಲಿನಲ್ಲೂ ಹೀಗೆ ಮೂಗು ಹಿಡಿದು ಹೊಡೆಸುವುದು ಇತ್ತೇ ಎಂದು. ಅನ್ನ ಕಲಸುತ್ತಿದ್ದ ಕೈ ನಿಂತಿತು. ಇಲ್ಲದೆ ಏನು, ಎಲ್ಲಾ ಕಡೆ ಇತ್ತು ಅಂದ. ನಿಮ್ಮ ಹುಡುಗಿಯರ ಸ್ಕೂಲಲ್ಲಿ ಇರಲಿಲ್ಲವೇ ಎಂದು ನನ್ನನ್ನೇ ಕೇಳಿದ.

ಅವನು ಯಾವಾಗಲೂ ಸಾಲಿನಲ್ಲಿ ನಿಂತವನು. ಹೊಡೆಯುತ್ತಿದ್ದವನು ಅವನ ಪಕ್ಕದ ಮನೆಯ ಗೆಳೆಯ. ಈಗ ಅವನು ಬೆಂಗಳೂರಿನಲ್ಲಿ ದೊಡ್ಡ ಕೆಲಸದಲ್ಲಿದ್ದಾನೆ. ಹೋದ ವರ್ಷ ಬಂಗಾರಪೇಟೆಯ ಪ್ಲಾಟ್‌ಫಾರಂನಲ್ಲಿ ಗಾಡಿ ಬದಲಾಯಿಸಲು ಇಳಿದಿದ್ದನಂತೆ. "ನನಗೆ ಆ ಏಟು ಯಾವತ್ತೋ ಮರೆತುಹೋಗಿದೆ ಕಣೇ. ಅವನು ಮಾತ್ರ ನನ್ನ ಮುಖ ನೋಡಲಿಲ್ಲ. ಪೇಪರು ಅಡ್ಡ ಹಿಡಿದುಕೊಂಡ."

ಮಜ್ಜಿಗೆ ಹಾಕಿದೆ. ಅವನು ಸಾಕು ಅಂದದ್ದು ಕೇಳಿಸಲಿಲ್ಲ, ತಟ್ಟೆ ತುಂಬಿ ಚೆಲ್ಲಿತು.

೧೯೩೭ ಜನವರಿ ೮

ಕೋದಂಡಪ್ಪನವರ ಹತ್ತಿರ ಹೋದೆ. ಬಾಗಿಲ ತನಕ ಹೋಗಿ ಎರಡು ದಿನ ವಾಪಸು ಬಂದಿದ್ದೆ. ಇವತ್ತು ಹೇಳಿಯೇಬಿಟ್ಟೆ. ಹುಡುಗನಿಗೆ ಎಲ್ಲಾ ಬರುತ್ತದೆ, ಹೊಡೆಯಲು ಮನಸ್ಸಿಲ್ಲದೆ ಸುಮ್ಮನಿದ್ದಾನೆ, ಅವನೊಬ್ಬನಿಗೆ ಅದನ್ನು ಬಿಟ್ಟುಬಿಡಿ.

ಕೋಪ ಮಾಡಿಕೊಳ್ಳಲಿಲ್ಲ. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ನಾನೂ ಹೊಡೆಸಿಕೊಂಡೇ ಕಲಿತವನು ಅಂದರು. ಒಬ್ಬನಿಗೆ ಬಿಟ್ಟರೆ ಉಳಿದವರು ಅವನನ್ನು ಉಳಿಸುತ್ತಾರೆಯೇ ಎಂದು ಕೇಳಿದರು. 

"ಹೆಣ್ಣುಮಕ್ಕಳು ಕಲಿಯದಿದ್ದರೆ ಯಾರೂ ಕೇಳೋದಿಲ್ಲ ಅಮ್ಮ. ನೀವು ನಿಧಾನವಾಗಿ ಹೇಳಿಕೊಡಬಹುದು. ನನ್ನ ಹುಡುಗರಿಗೆ ಅಷ್ಟು ಹೊತ್ತಿಲ್ಲ. ಇಲ್ಲಿ ಕಲಿಯದಿದ್ದರೆ ಶಾಫ್ಟು. ಅಲ್ಲಿ ಅವರನ್ನು ಯಾರೂ ಮೆತ್ತಗೆ ಮುಟ್ಟೋದಿಲ್ಲ."

ನನ್ನ ಮೇಲೆ ನಿಜವಾಗಿ ಮರುಕಪಟ್ಟೇ ಹೇಳಿದರು. ಅದೇ ಕಷ್ಟ.

ಜನವರಿ ೨೧

ತಟ್ಟಿಯ ಕೆಳಗಡೆ ಒಂದು ಕಡೆ ಬಿದಿರು ಸೀಳಿದೆ. ಗಂಗರತ್ನ ತನ್ನ ಜಾಗ ಬದಲಾಯಿಸಿ ಅಲ್ಲಿಗೆ ಬೆನ್ನು ಕೊಟ್ಟು ಕೂರುತ್ತಾಳೆ. ಯಾಕೆಂದು ಇವತ್ತು ಗೊತ್ತಾಯಿತು. ಆ ಕಡೆ ಮುತ್ಯಾಲುವೂ ಬೆನ್ನು ಕೊಟ್ಟು ಕೂತಿರುತ್ತಾನೆ. ಸದ್ದು ಹೆಚ್ಚಿದ್ದಾಗ ಅವನು ಮೆಲ್ಲಗೆ ಓದುತ್ತಾನೆ, ಅವಳು ಕೇಳುತ್ತಾಳೆ. ಪುಸ್ತಕ ಅವನ ಹತ್ತಿರ ಅಲ್ಲವೇ.

ಕಂಡೂ ಕಾಣದ ಹಾಗೆ ಇದ್ದೆ. ಇರುವೆಯ ಪಾಠ. ಮಳೆ ನಿಂತಿತು ಅಂದ ಮೇಲೆ ಎಷ್ಟು ಹೊತ್ತು ಸುಮ್ಮನಿದ್ದ!

ಫೆಬ್ರವರಿ ೩

ಸೀಳು ಮುಚ್ಚಿಸಿದರು. ಬಡಗಿ ಬಂದು ಹಲಗೆ ಹೊಡೆದು ಹೋದ. ಮಾತಾಡಿ ಸಿಕ್ಕಿಬಿದ್ದದ್ದಕ್ಕೆ ಮುತ್ಯಾಲುವಿಗೆ ಬೆತ್ತದ ಏಟು. ಗಂಗರತ್ನಳಿಗೆ ಏನೂ ಇಲ್ಲ. ಅವಳು ತಲೆ ತಗ್ಗಿಸಿ ಕೂತು, ತನ್ನ ಅಂಗೈಯನ್ನು ತಾನೇ ಉಗುರಿನಿಂದ ಒತ್ತಿಕೊಳ್ಳುತ್ತಿದ್ದಳು.

ಫೆಬ್ರವರಿ ೧೯

ಇನ್‌ಸ್ಪೆಕ್ಟರು ಮಾರ್ಚಿ ಹನ್ನೊಂದಕ್ಕೆ. ಮುಂದೆ ನಿಲ್ಲಿಸುವ ಮೂವರಲ್ಲಿ ಇಬ್ಬರು ನಿಷ್ಕರ್ಷೆಯಾಗಿದ್ದಾರೆ. ಮೂರನೆಯವನು ಯಾರೆಂದು ಮುಂದಿನ ತಿಂಗಳ ಮೊದಲ ವಾರ ನೋಡಿ ಹೇಳುತ್ತಾರಂತೆ. ಅಶ್ವತ್ಥಮ್ಮ ದಾರಿಯಲ್ಲಿ ಸಿಕ್ಕಿದರು.  ನನ್ನ ಮುಖ ನೋಡಿದರು. ಕದಿರಪ್ಪ ಮಗನಿಗೆ ಕೆಲಸಕ್ಕೆಂದು ಟೈರಿನ ಚಪ್ಪಲಿ ಹೊಲಿಸಿದ್ದಾನೆ ಎಂದರು.

ಫೆಬ್ರವರಿ ೨೬

ಸ್ಟೇಷನ್ನಿಗೆ ನಡೆಯುವಾಗ ಮುತ್ಯಾಲು ದಿಬ್ಬದ ತನಕ ಜೊತೆಗೆ ಬಂದ. ಕೂದಲು ಬೆಳೆದು ಕುರುಚಲು ಕುರುಚಲಾಗಿದೆ. ನಾನೇ ಮಾತು ತೆಗೆದೆ. ಹೇಳಿಬಿಡು ಅಂದೆ. ಇನ್‌ಸ್ಪೆಕ್ಟರ ಮುಂದೆ ಮಾತ್ರ ಹೇಳುತ್ತೇನೆ, ಅಲ್ಲಿ ಹೊಡೆಯುವುದಿಲ್ಲವಲ್ಲ ಎಂದ. ಕ್ಲಾಸಿನಲ್ಲಿ ಹೇಳದಿದ್ದರೆ ಇನ್‌ಸ್ಪೆಕ್ಟರ ಮುಂದೆ ನಿಲ್ಲಿಸುವುದೇ ಇಲ್ಲ ಎಂದೆ. 

ಕುಪ್ಪುಸ್ವಾಮಿಗೆ ಒಡೀಲಾ ಎಂದ.

ಅವನೇ ಜೋರಾಗಿ ಹೊಡಿ ಅನ್ನುತ್ತಾನಲ್ಲ ಎಂದೆ. ಒಂದು ದಿನದ ಮಾತು, ಕಣ್ಣು ಮುಚ್ಚಿಕೊಂಡು ಹೊಡೆದುಬಿಡು, ಆಮೇಲೆ ನಿನಗೆ ದೊಡ್ಡ ಸ್ಕೂಲು, ನಿನ್ನದೇ ಪುಸ್ತಕ.

ಈ ಮಾತು ನನ್ನ ಬಾಯಿಂದ ಬಂತು. ಗಾಡಿಯಲ್ಲಿ ಕಿಟಕಿಗೆ ತಲೆ ಆನಿಸಿ ಕೂತೆ. ಬಂಗಾರಪೇಟೆ ಬಂದದ್ದು ಗೊತ್ತಾಗಲಿಲ್ಲ. ಅಣ್ಣ ಬಂದು ಕಂಬಿ ಬಡಿದು ಇಳಿಸಿದ.

ಮಾರ್ಚಿ ೫, ಶುಕ್ರವಾರ

ಬೆಳಿಗ್ಗೆ ಎರಡನೆಯ ಪೀರಿಯಡ್. ಕೋದಂಡಪ್ಪನವರು ಪ್ರಶ್ನೆ ಕೇಳಿದರು. ಒಬ್ಬ ಗೊತ್ತಿಲ್ಲ, ಇನ್ನೊಬ್ಬ ಗೊತ್ತಿಲ್ಲ. ಕುಪ್ಪುಸ್ವಾಮಿ ಗೊತ್ತಿಲ್ಲ.

ಮುತ್ಯಾಲಪ್ಪ.

ಉತ್ತರ ಬಂತು. ಅದೇ ದನಿ, ಮೂರು ತಿಂಗಳು ಆ ಕ್ಲಾಸಿನಲ್ಲಿ ಉತ್ತರ ಹೇಳದಿದ್ದ ದನಿ. ಸ್ಪಷ್ಟವಾಗಿ, ಒಂದು ಅಕ್ಷರ ಜಾರದೆ. ನನ್ನ ಕೈಲಿದ್ದ ಸೀಮೆಸುಣ್ಣ ನಿಂತಿತು. ಗಂಗರತ್ನ ಹಲಗೆ ಹೊಡೆದ ಜಾಗಕ್ಕೆ ಕಿವಿ ಇಟ್ಟಳು.

ಬಾ, ಹೊಡಿ, ಎಂದರು.

ಮೊದಲನೆಯದು ಮೆತ್ತಗಿತ್ತು. ಹೊಡೆಯುವುದು ಹೀಗೇನೋ ಎಂದರು. ಆಮೇಲೆ ಕುಪ್ಪುಸ್ವಾಮಿಯ ದನಿ, ಪಿಸುಮಾತು, ತಟ್ಟಿಗೆ ಹತ್ತಿರವೇ ನಿಂತಿದ್ದನೇನೋ — "ಜೋರಾ ಹೊಡಿಡಾ. ಪರವಾಗಿಲ್ಲ."

ಹೊಡೆದ.

ಎಂಥ ಸದ್ದು. ನನ್ನ ಒಂದನೇ ಕ್ಲಾಸಿನ ಪುಟ್ಟಮಕ್ಕಳು ಅದನ್ನು ಕೇಳಿ, ರೂಢಿಯಂತೆ, ಖುಷಿಯಾಗಿ ಚಪ್ಪಾಳೆ ತಟ್ಟಿದವು.  ಆ ಕಡೆ ಇನ್ನೊಂದು. ಇನ್ನೊಂದು. ಒಂದಕ್ಕಿಂತ ಒಂದು ಗಟ್ಟಿ. ಕೊನೆಕೊನೆಗೆ ತಡವೇ ಇರಲಿಲ್ಲ, ಕೈಗೆ ಲಯ ಸಿಕ್ಕಿತ್ತು.

"ಶಭಾಷ್" ಎಂದರು ಕೋದಂಡಪ್ಪನವರು. ಅವರ ದನಿಯಲ್ಲಿ ಸಂತೋಷವಿತ್ತು. ನನಗೆ ಕೇಳಿಸಲಿ ಎಂದೇ ಸ್ವಲ್ಪ ಗಟ್ಟಿಯಾಗಿ ಹೇಳಿದರು.

ಮಾರ್ಚಿ ೧೧

ಇನ್‌ಸ್ಪೆಕ್ಟರು ಬಂದು ಹೋದರು. ನನ್ನ ಕಡೆ ಹೊಲಿಗೆ ನೋಡಿದರು, ಒಂದು ಹಾಡು ಕೇಳಿದರು. ಆ ಕಡೆ ಮಧ್ಯಾಹ್ನದ ತನಕ.

ಸೀಟು ಮುತ್ಯಾಲಪ್ಪನಿಗೆ.

ಮಾರ್ಚಿ ೧೯

ಅಶ್ವತ್ಥಮ್ಮ ಬೆಲ್ಲದ ಅಚ್ಚು ತಂದುಕೊಟ್ಟರು. ಬೇಡ ಎಂದರೂ ಕೇಳಲಿಲ್ಲ. ನಿಮ್ಮ ಮಾತು ನಿಂತ್ಕಂತು ಪಂತುಲಮ್ಮ ಎಂದು ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು.

"ಈಗ ಗಂಡುಸ್ನಂಗೆ ಆಗವ್ನೆ. ಮನೇನಾಗೆ ನನ್ನೇ ಗದರುಸ್ತಾನೆ." ನಗುತ್ತಲೇ ಹೇಳಿದರು. ಹೆಮ್ಮೆಯ ನಗು. ಗಂಡುಮಗ ಬದುಕಿ ಉಳಿದು ಗದರಿಸುವಷ್ಟು ದೊಡ್ಡವನಾಗುವುದನ್ನು ಆಕೆ ಮೊದಲ ಸಲ ನೋಡುತ್ತಿದ್ದಾರೆ. ನಾನೂ ನಕ್ಕೆ. ಇನ್ನೇನು ಮಾಡಲಿ.

ಕುಪ್ಪುಸ್ವಾಮಿ ಬರುತ್ತಿಲ್ಲ. ಕಲ್ಲು ಆರಿಸಲು ಸೇರಿದ್ದಾನಂತೆ. ಮುತ್ಯಾಲುವಿಗೆಂದು ಹೊಲಿಸಿದ್ದ ಚಪ್ಪಲಿಯನ್ನು ಕದಿರಪ್ಪ ಅವನಿಗೆ ಕೊಡಲು ಹೋಗಿದ್ದನಂತೆ. ಕಾಲಿಗೆ ಸಾಲಲಿಲ್ಲ.

ಬೆಲ್ಲ ಅಡುಗೆಮನೆಯ ಗೂಡಿನಲ್ಲಿದೆ. ಇರುವೆ ಮುತ್ತಿದೆ.

ಏಪ್ರಿಲ್ ೨

ಕೊನೆಯ ದಿನ. ಮಕ್ಕಳೆಲ್ಲ ಹೋದ ಮೇಲೆ ಮುತ್ಯಾಲು ಬಂದ, ಗಂಗರತ್ನಳ ಪುಸ್ತಕ ಹಿಂದಿರುಗಿಸಲು. ಹೊಸ ಸ್ಕೂಲಿನಲ್ಲಿ ಅವನದೇ ಪುಸ್ತಕ ಕೊಡುತ್ತಾರೆ. ಗಂಗರತ್ನ ಕಸ ಗುಡಿಸಲು ಉಳಿದಿದ್ದಳು. ಸೋಮವಾರದಿಂದ ಅವಳು ಬೇತಮಂಗಲಕ್ಕೆ, ಸೋದರತ್ತೆಯ ಮನೆಗೆ, ಅವರ ಮಗು ನೋಡಿಕೊಳ್ಳಲು. ಪೊರಕೆ ಇಟ್ಟು ಪುಸ್ತಕ ಈಸಿಕೊಂಡಳು. ರಟ್ಟು ಸವರಿದಳು.

ಒಂದು ಸಲ ಓದು ಮುತ್ಯಾಲು ಎಂದೆ. ಇರುವೆಯ ಪಾಠ. ಅವಳೂ ಕೇಳಲಿ.

ಗಂಗರತ್ನ ಹಾಳೆ ತಿರುವಿ ಹಿಡಿದಳು, ಮೊದಲಿನ ಹಾಗೆ. ಅವನು ಪಕ್ಕ ಕೂರಲಿಲ್ಲ. ಎದೆಯ ಮೇಲೆ ಕೈಕಟ್ಟಿ ನೆಟ್ಟಗೆ ನಿಂತ. ಗೋಡೆಯ ಕಡೆ ನೋಡುತ್ತಾ ಗಟ್ಟಿ ದನಿಯಲ್ಲಿ ಶುರುಮಾಡಿದ. ಬಾಯಿಪಾಠ. "ಮಳೆ ನಿಂತಿತು ಇರುವೆಯು ತನ್ನ ಮನೆಯನ್ನು ಹುಡುಕಿತು" — ಒಂದೇ ಉಸಿರು. ನಡುವೆ ಎಲ್ಲೂ ನಿಲ್ಲಲಿಲ್ಲ. ಒಂದು ತಪ್ಪೂ ಇಲ್ಲ. ಪಾಠದ ಕೊನೆಯ ತನಕ ಹಾಗೇ ಓಡಿದ. ನಾನು ಮಾತ್ರ ತಗಡಿನ ಕಡೆ ತಲೆ ಎತ್ತಿಕೊಂಡಿದ್ದೆ, ದಡ್ಡಿಯ ಹಾಗೆ.

ಮುಗಿಯಿತು. ಗಂಗರತ್ನ ಪುಸ್ತಕ ಕಂಕುಳಿಗೆ ಸಿಕ್ಕಿಸಿಕೊಂಡಳು. ಅವಳ ಮುಖ ಅರಳಿತ್ತು. ಅವಳಿಗೆ ಅಷ್ಟೇ ಸಾಕಾಗಿತ್ತು. ಎರಡೂ ಕೈ ಎತ್ತಿ ಒಬ್ಬಳೇ ಚಪ್ಪಾಳೆ ತಟ್ಟಿದಳು.

ಮೊದಲ ಸದ್ದಿಗೇ ಮುತ್ಯಾಲುವಿನ ಕೈ ಮೇಲೆದ್ದಿತು. ತನ್ನ ಕೆನ್ನೆ ಮುಚ್ಚಿಕೊಳ್ಳಲು ಎದ್ದ ಕೈಯೋ, ಇಲ್ಲ ಅವಳ ಕೆನ್ನೆಗೆ ಹೊಡೆಯಲು ಎದ್ದ ಕೈಯೋ, ನೋಡುತ್ತಿದ್ದ ನನಗೆ ಗೊತ್ತಾಗಲಿಲ್ಲ.